‘ನಾವು ತಡ್ಕೊಂಡಿಲ್ವಾ?’ ಎಂದು ಕೇಳಿದವರಿಗೆ

ಈ ಸಲ ಒಂದೇ ಪತ್ರ, ಒಂದೇ ಉತ್ತರ. ಉಳಿದವರು ಬೇಜಾರು ಮಾಡ್ಕೋಬೇಡಿ, ನಿಮ್ಮದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ನೋಡೋಣ.

ಬರೆದವರಿಗೆ 56 ವರ್ಷ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರ ಮೂರು ಪುಟ ಇದೆ, ಮುಖ್ಯವಾದಷ್ಟನ್ನು ಮಾತ್ರ ಇಲ್ಲಿ ಕೊಡ್ತೀನಿ.

“ಆರು ತಿಂಗಳಿಂದ ನಿಮ್ಮ ಪತ್ರಿಕೆಯಲ್ಲಿ ಬರೀ ಮುಟ್ಟು, ಗರ್ಭಕೋಶ, ಹಾರ್ಮೋನು. ಓದಿ ಓದಿ ಸಾಕಾಯ್ತು. ನಮ್ಮಮ್ಮ, ನಮ್ಮಜ್ಜಿ ಯಾವ ಸಂಶೋಧನೆ ಓದಿದ್ರು? ನಾವು ತಡ್ಕೊಂಡಿಲ್ವಾ? ಈಗಿನ ಹುಡುಗಿಯರಿಗೆ ಹೊಟ್ಟೆನೋವೂ ಕಾಯಿಲೆ, ಬೆವರಿದರೂ ಕಾಯಿಲೆ. ಡಾಕ್ಟರುಗಳು ಇವತ್ತೊಂದು ಹೇಳ್ತಾರೆ, ನಾಳೆ ಇನ್ನೊಂದು. ಹಾರ್ಮೋನು ಮಾತ್ರೆ ವಿಷ ಅಂದವರೇ ಈಗ ಒಳ್ಳೇದು ಅಂತಿದ್ದಾರೆ. ನನಗೂ ಮುಟ್ಟು ನಿಂತು ನಾಲ್ಕು ವರ್ಷ ಆಯ್ತು, ಈಗಲೂ ಅಪರೂಪಕ್ಕೊಮ್ಮೆ ಒಂದಿಷ್ಟು ಕಲೆ ಕಾಣಿಸುತ್ತೆ, ನಾನೇನು ಆಸ್ಪತ್ರೆಗೆ ಓಡಿದ್ನಾ? ಈ ಅಂಕಣ ನಿಲ್ಲಿಸಿ. ಹೆಣ್ಣುಮಕ್ಕಳಿಗೆ ಧೈರ್ಯ ಬರುವಂಥದ್ದು ಏನಾದರೂ ಹಾಕಿ.”

ಚೆನ್ನಾಗಿ ಬೈದಿದ್ದೀರಿ. ಇಷ್ಟು ನೇರವಾಗಿ ಬರೆಯುವ ಓದುಗರು ಈಗ ಕಡಿಮೆ. ನಾನೂ ನೇರವಾಗಿಯೇ ಉತ್ತರ ಕೊಡ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ನಿಮ್ಮ ಮಾತಿನಲ್ಲಿರುವ ನಿಜ ಒಪ್ಪಿಕೊಂಡುಬಿಡ್ತೀನಿ. ಹೆದರಿಸಿ ದುಡ್ಡು ಮಾಡುವ ವ್ಯಾಪಾರ ಇದೆ. ಎಎಂಎಚ್ ಅಂತ ಒಂದು ರಕ್ತಪರೀಕ್ಷೆ ಇದೆ, ಅಂಡಾಶಯದಲ್ಲಿ ಎಷ್ಟು ಅಂಡ ಉಳಿದಿದೆ ಅನ್ನೋದರ ಒಂದು ಅಂದಾಜು ಅದು. ‘ನಿಮಗೆ ಮಗು ಆಗುತ್ತೋ ಇಲ್ವೋ ಈಗಲೇ ತಿಳಿದುಕೊಳ್ಳಿ’ ಎಂದು ಅದನ್ನು ಆರೋಗ್ಯವಾಗಿರುವ ಹುಡುಗಿಯರಿಗೆ ಮಾರುತ್ತಾರೆ. ಆದರೆ ಬಂಜೆತನದ ಇತಿಹಾಸ ಇಲ್ಲದ, 30ರಿಂದ 44 ವರ್ಷದ 750 ಹೆಂಗಸರನ್ನು ಅಮೆರಿಕದಲ್ಲಿ ಗಮನಿಸಿ 2017ರಲ್ಲಿ ಫಲಿತಾಂಶ ಕೊಟ್ಟಾಗ, ಈ ಅಂಕಿ ಕಡಿಮೆ ಇದ್ದವರಿಗೆ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆಯೇನೂ ಕಡಿಮೆ ಇರಲಿಲ್ಲ. ಆಮೇಲೂ ಮಾರಾಟ ನಿಂತಿಲ್ಲ. ಸಿಟ್ಟು ಬರಬೇಕಾದ್ದೇ. ಅಷ್ಟರ ಮಟ್ಟಿಗೆ ನಾನು ನಿಮ್ಮ ಪಕ್ಷ.

ಅಲ್ಲಿಂದ ಮುಂದೆ ಅಲ್ಲ.

‘ಇವತ್ತೊಂದು, ನಾಳೆ ಇನ್ನೊಂದು’ ಅಂದ್ರಲ್ಲ, ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. 2002ರ ಜುಲೈನಲ್ಲಿ ನಾನು ಒಂದು ದಿನಪತ್ರಿಕೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಪುಟ ಮುಗಿಸುವ ಹೊತ್ತಿಗೆ ಏಜೆನ್ಸಿ ಸುದ್ದಿ ಬಂತು. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ದೊಡ್ಡ ಅಧ್ಯಯನ, 16,608 ಹೆಂಗಸರು, ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನು ಸೇರಿದ ಮಾತ್ರೆ, ಸ್ತನ ಕ್ಯಾನ್ಸರ್ 26 ಶೇಕಡಾ ಜಾಸ್ತಿ, ಅಧ್ಯಯನ ಅರ್ಧಕ್ಕೇ ನಿಲ್ಲಿಸಿದ್ದಾರೆ. ಶೀರ್ಷಿಕೆ ಕೊಟ್ಟವನು ನಾನು. ‘ಹಾರ್ಮೋನು ಮಾತ್ರೆಯಿಂದ ಸ್ತನ ಕ್ಯಾನ್ಸರ್’. ಮೂರು ಕಾಲಂ. ಬರೆಯೋಕೆ ಎರಡು ನಿಮಿಷವೂ ಆಗಲಿಲ್ಲ.

ನನ್ನ ಅಕ್ಕನಿಗೆ ಆಗ 51. ಮುಟ್ಟು ನಿಂತ ಮೇಲೆ ರಾತ್ರಿಯೆಲ್ಲ ಬೆವರಿ ಒದ್ದಾಡಿ, ಕೊನೆಗೆ ಅಂಥದ್ದೇ ಮಾತ್ರೆ ಶುರುಮಾಡಿದ್ದಳು. ಎಂಟು ತಿಂಗಳಾಗಿತ್ತು. ‘ನಿದ್ದೆ ಬರ್ತಿದೆ ಕಣೋ, ಮನುಷ್ಯಳಾದೆ’ ಅಂತಿದ್ದಳು. ಬೆಳಿಗ್ಗೆ ನಾನು ಕೆಲಸ ಮಾಡುವ ಪೇಪರಿನಲ್ಲೇ ಸುದ್ದಿ ನೋಡಿದಳು, ಮಾತ್ರೆ ಪಟ್ಟಿ ಕಸದ ಬುಟ್ಟಿಗೆ ಹೋಯಿತು. ಆಮೇಲೆ ಐದು ವರ್ಷ ಅವಳ ಪಾಡು ನಾನು ನೋಡಿದ್ದೇನೆ. ಮಂಚದ ಪಕ್ಕ ಒಣಗಿದ ನೈಟಿಗಳನ್ನು ಮಡಚಿ ಇಟ್ಟುಕೊಂಡೇ ಮಲಗುತ್ತಿದ್ದಳು. ನಡುರಾತ್ರಿ ಎದ್ದು ತೊಯ್ದದ್ದನ್ನು ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿ, ದಿಂಬು ಮಗುಚಿ, ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಬೆಳಿಗ್ಗೆ ಮೊಳೆಗೆ ಒಂದು ನೈಟಿ ಇದ್ದರೆ ಪರವಾಗಿಲ್ಲ, ಮೂರು ಇದ್ದರೆ ಆ ದಿನ ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ.

ಆ ಅಧ್ಯಯನ ನಿಜಕ್ಕೂ ಏನು ಹೇಳಿತ್ತು ಅಂತ ನಾನು ಪೂರ್ತಿ ಓದಿದ್ದು ಎಷ್ಟೋ ವರ್ಷ ಆದಮೇಲೆ. ನಾಚಿಕೆಯಾಯಿತು. ಅದರಲ್ಲಿದ್ದವರು 50ರಿಂದ 79 ವರ್ಷದವರು, ಸರಾಸರಿ ವಯಸ್ಸು 63. ಎಷ್ಟೋ ಜನಕ್ಕೆ ಮುಟ್ಟು ನಿಂತು ಹತ್ತು ವರ್ಷ ದಾಟಿತ್ತು. ಬೆವರು ನಿಲ್ಲುತ್ತಾ ಅನ್ನೋದು ಅಲ್ಲಿ ಮುಖ್ಯ ಪ್ರಶ್ನೆಯೇ ಅಲ್ಲ, ಈ ಮಾತ್ರೆ ಹೃದಯ ಕಾಪಾಡುತ್ತಾ ಅಂತ ನೋಡೋಕೆ ಹೊರಟಿದ್ದರು. ಕಾಪಾಡಲಿಲ್ಲ. ಸ್ತನ ಕ್ಯಾನ್ಸರಿನ ಲೆಕ್ಕ ಹೀಗಿತ್ತು: 10,000 ಹೆಂಗಸರನ್ನು ಒಂದು ವರ್ಷ ಗಮನಿಸಿದರೆ ಮಾತ್ರೆ ತಗೊಳ್ಳದವರಲ್ಲಿ 30 ಜನಕ್ಕೆ, ತಗೊಂಡವರಲ್ಲಿ 38 ಜನಕ್ಕೆ. ಹತ್ತು ಸಾವಿರಕ್ಕೆ ಎಂಟು ಜನ ಜಾಸ್ತಿ. ಇದೇ ‘26 ಶೇಕಡಾ’. ಎರಡೂ ನಿಜ, ಆದರೆ ಒಂದನ್ನು ಓದಿದರೆ ಕೂತು ಯೋಚನೆ ಮಾಡಬಹುದು, ಇನ್ನೊಂದನ್ನು ಓದಿದರೆ ಮಾತ್ರೆ ಕಸಕ್ಕೆ ಹೋಗುತ್ತೆ. ನಾನು ಯಾವುದನ್ನು ಹಾಕಿದೆ ಅಂತ ಮೇಲೆ ಹೇಳಿದೆನಲ್ಲ. ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೊಜೆನ್ ತಗೊಂಡವರ ಇನ್ನೊಂದು ಗುಂಪಿತ್ತು. ಪಾರ್ಶ್ವವಾಯು ಜಾಸ್ತಿ ಕಂಡಿದ್ದಕ್ಕೆ ಅದನ್ನು 2004ರಲ್ಲಿ ನಿಲ್ಲಿಸಿದರು, ಆದರೆ ಆ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಮುಂದೆ ವರ್ಷಗಟ್ಟಲೆ ನೋಡಿದಾಗ ಕಡಿಮೆಯೇ ಇತ್ತು. ಆ ಸುದ್ದಿಗೆ ಯಾರೂ ಮೂರು ಕಾಲಂ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಅಧ್ಯಯನದ ಅಂಕಿಗಳು ಅವತ್ತು ಇದ್ದಂತೆಯೇ ಇವತ್ತೂ ಇವೆ, ನೋಡಿ. ವಯಸ್ಸಿನ ಪ್ರಕಾರ ಬಿಡಿಸಿ ಓದಿದಾಗ ಅರ್ಥ ತಿಳಿಯಾಯಿತು ಅಷ್ಟೆ. 60ರ ಒಳಗಿದ್ದು ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗಿರದೆ, ಬೆವರು ಸೆಖೆ ನಿಜವಾಗಿ ಕಾಡುತ್ತಿದ್ದರೆ, ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭ ಜಾಸ್ತಿ ಅಂತ ಈಗ ವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಗಳ ಮೇಲಿದ್ದ ದಪ್ಪಕ್ಷರದ ಎಚ್ಚರಿಕೆಯಲ್ಲಿ ಬಹುಪಾಲನ್ನು ತೆಗೆಸುವುದಾಗಿ 2025ರ ನವೆಂಬರಿನಲ್ಲಿ ಹೇಳಿತು. ಗರ್ಭಕೋಶ ಇರುವವರು ಬರೀ ಈಸ್ಟ್ರೊಜೆನ್ ತಗೊಂಡರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರಬಹುದು ಅನ್ನುವ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡಿತು. ಹಾಗಂತ ಎಲ್ಲರಿಗೂ ಅಲ್ಲ. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇರುವವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ತಗೊಳ್ಳುವಂತಿಲ್ಲ. ಕೊನೆಯದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರ್ತೀನಿ.

ಹಾರ್ಮೋನು ಬೇಡದವರಿಗೆ ಬೇರೆ ದಾರಿಯೂ ತೆರೆದಿದೆ. ನೇಯೊಮಿ ರ‍್ಯಾನ್ಸ್ ಎಂಬ ವಿಜ್ಞಾನಿ 1990ರ ಹೊತ್ತಿಗೇ, ಮುಟ್ಟು ನಿಂತು ತೀರಿಕೊಂಡ ಹೆಂಗಸರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹೈಪೊಥಲಾಮಸ್ ಅನ್ನುವ ಭಾಗದಲ್ಲಿ ಕೆಲವು ನರಕೋಶಗಳು ಊದಿಕೊಂಡಿರುವುದನ್ನು ಗುರುತಿಸಿದ್ದರು. ದೇಹದ ಬಿಸಿ ತಂಪು ನೋಡಿಕೊಳ್ಳುವ ಜಾಗ ಅದು. ಈಸ್ಟ್ರೊಜೆನ್ ಕಡಿವಾಣ ತಪ್ಪಿದಾಗ ಆ ಕೋಶಗಳು ಅತಿಯಾಗಿ ಕೂಗೆಬ್ಬಿಸುತ್ತವೆ. ಇಲ್ಲದ ಸೆಖೆ ಇದೆ ಅಂದುಕೊಂಡು ದೇಹ ಬೆವರಿಳಿಸುತ್ತೆ. ಆ ಕೂಗನ್ನು ತಡೆಯುವ ಫೆಜೊಲಿನೆಟೆಂಟ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಮರುವರ್ಷವೇ ಅದರ ಮೇಲೆ ಯಕೃತ್ತಿನ ಬಗ್ಗೆ ಎಚ್ಚರಿಕೆ ಬಂತು, ರಕ್ತಪರೀಕ್ಷೆ ಮಾಡಿಸುತ್ತಾ ತಗೋಬೇಕು. ಇರಲಿ. ಮೆದುಳಿನಲ್ಲಿ ನಿಜವಾಗಿ ಏನೋ ನಡೀತಿದೆ ಅಂತ ಕಂಡಮೇಲೂ ಒಂದು ಮಾತ್ರೆಗೆ ಮೂವತ್ತಕ್ಕೂ ಹೆಚ್ಚು ವರ್ಷ. ಅಷ್ಟೂ ವರ್ಷ ನನ್ನ ಅಕ್ಕನಂಥವರಿಗೆ ಸಿಕ್ಕ ಔಷಧ ‘ವಯಸ್ಸಾಯ್ತಲ್ಲಮ್ಮ, ಮಾಮೂಲಿ’ ಅನ್ನೋ ಮಾತು.

ಈಗ ನಿಮ್ಮ ಅಜ್ಜಿಯ ವಿಷಯ. ತಡಕೊಂಡರು, ಗೊತ್ತು. ಆದರೆ ತಡಕೊಳ್ಳೋಕೆ ಆಗದೇ ಹೋದವರು ಪತ್ರಿಕೆಗೆ ಬರೆಯೋಕೆ ಉಳಿಯಲಿಲ್ಲ, ಅಲ್ವಾ? ಅವರ ಮೊಮ್ಮಕ್ಕಳೂ ಹುಟ್ಟಲಿಲ್ಲ.

ಹೆರಿಗೆಯಾದ ಮೇಲೆ ಅತಿಯಾಗಿ ರಕ್ತ ಹೋಗಿ ಜಗತ್ತಿನಲ್ಲಿ ಈಗಲೂ ವರ್ಷಕ್ಕೆ ಸುಮಾರು 70,000 ತಾಯಂದಿರು ಸಾಯುತ್ತಿದ್ದಾರೆ. ಎಷ್ಟು ರಕ್ತ ಹೋದರೆ ಅತಿ? ಅರ್ಧ ಲೀಟರ್ ಅಂತ ಪುಸ್ತಕದಲ್ಲಿದೆ. ಹೆರಿಗೆ ಕೋಣೆಯಲ್ಲಿ ಅದನ್ನು ಅಳೆಯುತ್ತಿದ್ದದ್ದು ಹೇಗೆ ಅಂದರೆ, ಕಣ್ಣಂದಾಜಿನಲ್ಲಿ. ಬಟ್ಟೆ ತೊಯ್ದದ್ದು, ನೆಲಕ್ಕೆ ಹರಿದದ್ದು ನೋಡಿ ದಾದಿ ‘ಮಾಮೂಲಿ’ ಅಂದರೆ ಮಾಮೂಲಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ‘ಇ-ಮೋಟಿವ್’ ಎಂಬ ಅಧ್ಯಯನ ಮಾಡಿದರು, 2023ರಲ್ಲಿ ಫಲಿತಾಂಶ ಬಂತು. ಅವರು ತಂದ ಹೊಸ ವಸ್ತು ಒಂದು ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಹಾಸುತ್ತಾರೆ. ಅದರ ತುದಿ ಚೀಲದ ಹಾಗೆ ಮಂಚದಿಂದ ಕೆಳಗೆ ಇಳಿಬಿದ್ದಿರುತ್ತೆ, ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಗೆರೆ ಮುಟ್ಟಿತಾ, ಯಾರ ಅಪ್ಪಣೆಗೂ ಕಾಯದೆ ಎಲ್ಲ ಒಟ್ಟಿಗೆ ಶುರು: ಗರ್ಭಕೋಶ ತಿಕ್ಕುವುದು, ಅದು ಬಿಗಿಯಾಗಲು ಔಷಧ, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್, ನರಕ್ಕೆ ದ್ರಾವಣ, ಎಲ್ಲಿಂದ ರಕ್ತ ಬರ್ತಿದೆ ಅಂತ ಪರೀಕ್ಷೆ. ಇದರಲ್ಲಿ ಹೊಸ ಔಷಧ ಒಂದೂ ಇಲ್ಲ. ಹಳೇ ಪದ್ಧತಿಯಲ್ಲಿ ಅತಿ ರಕ್ತಸ್ರಾವ ಆದವರಲ್ಲಿ ಅರ್ಧದಷ್ಟು ಜನ ಮಾತ್ರ ಗೊತ್ತಾಗುತ್ತಿದ್ದರು. ಹಾಳೆ ಬಂದ ಮೇಲೆ ನೂರಕ್ಕೆ 93. ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋಗುವುದು, ಹೊಟ್ಟೆ ಕೊಯ್ಯಬೇಕಾಗುವುದು, ಸಾವು, ಇವೆಲ್ಲ ಸೇರಿ ನೂರು ಹೆರಿಗೆಗೆ 4.3 ಇದ್ದದ್ದು 1.6ಕ್ಕೆ ಇಳಿಯಿತು.

ಈ ಅಂಕಣ ನಾನು ಯಾಕೆ ನಿಲ್ಲಿಸಲ್ಲ ಅಂತ ಕೇಳಿದರೆ ಆ ಗೆರೆ ಎಳೆದ ಚೀಲ ತೋರಿಸ್ತೀನಿ. ಹೆಣ್ಣಿನ ಮೈಯ ವಿಷಯದಲ್ಲಿ ಎಲ್ಲೆಲ್ಲಿ ‘ಮಾಮೂಲಿ’ ಅಂದಿದ್ದಾರೋ ಅಲ್ಲೆಲ್ಲ ಹುಡುಕಿ ನೋಡಿ, ಹೆಚ್ಚಿನ ಕಡೆ ಯಾರೂ ಅಳೆದೇ ಇರಲ್ಲ.

ಬೇಕಾದರೆ ಮುಟ್ಟನ್ನೇ ತಗೊಳ್ಳಿ. ಒಂದು ಸಲದ ಮುಟ್ಟಿಗೆ 80 ಮಿಲಿಲೀಟರ್ ದಾಟಿದರೆ ಜಾಸ್ತಿ ಅನ್ನೋ ಲೆಕ್ಕ 1966ರಲ್ಲಿ ಸ್ವೀಡನ್ನಿನಿಂದ ಬಂದದ್ದು. ಮನೆಯಲ್ಲಿ ಯಾರು ಅಳೀತಾರೆ? ಪ್ಯಾಡು, ಟ್ಯಾಂಪನ್, ಕಪ್ ಎಷ್ಟು ಹಿಡಿಯುತ್ತೆ ಅಂತ ಗೊತ್ತಿದ್ದರೆ ಎಣಿಸಿಯಾದರೂ ಹೇಳಬಹುದಿತ್ತು. ಆದರೆ ಅವನ್ನು ಪರೀಕ್ಷೆ ಮಾಡುತ್ತಿದ್ದದ್ದು ನೀರಿನಲ್ಲಿ, ಉಪ್ಪುನೀರಿನಲ್ಲಿ. ರಕ್ತ ನೀರಿನ ಹಾಗೆ ಹರಿಯುತ್ತಾ? 2023ರಲ್ಲಿ ಅಮೆರಿಕದ ಆರೆಗಾನಿನ ವೈದ್ಯರು ಅವಧಿ ಮೀರಿದ ದಾನದ ರಕ್ತಕಣಗಳನ್ನು ತಂದು 21 ಉತ್ಪನ್ನಗಳ ಮೇಲೆ ಸುರಿದು ನೋಡಿದರು. ಪ್ಯಾಕೆಟ್ಟಿನ ಮೇಲೆ ಬರೆದದ್ದಕ್ಕೂ ಹಿಡಿದದ್ದಕ್ಕೂ ಎಷ್ಟೋ ಕಡೆ ತಾಳೆಯಾಗಲಿಲ್ಲ. 2023ರಲ್ಲಿ ಸ್ವಾಮಿ! ಚಂದ್ರನ ಮೇಲೆ ಮನುಷ್ಯ ನಡೆದಾಡಿ ಅರ್ಧ ಶತಮಾನ ಕಳೆದಿತ್ತು. ಜಾಹೀರಾತಿನಲ್ಲಿ ಇನ್ನೂ ನೀಲಿ ನೀರು ಸುರಿಯುತ್ತಿದ್ದಾರೆ.

ಬಸುರಿಯರ ವಾಂತಿಯ ಕಥೆ ಇದಕ್ಕಿಂತ ಹೊಟ್ಟೆ ಉರಿಸುವಂಥದ್ದು. ಸಾಮಾನ್ಯ ವಾಂತಿ ಅಲ್ಲ, ನೀರೂ ನಿಲ್ಲದೆ ಮೈ ಬತ್ತಿ ಆಸ್ಪತ್ರೆ ಸೇರುವ ಹೈಪರೆಮೆಸಿಸ್. ಒಂದು ಕಾಲದಲ್ಲಿ ಇದನ್ನು ‘ತಾಯಿಗೆ ಮಗು ಬೇಡವಾಗಿದೆ, ಮನಸ್ಸಿನ ರೋಗ’ ಅಂತಲೇ ಪುಸ್ತಕಗಳಲ್ಲಿ ಬರೆದಿದ್ದರು. ಮಾರ್ಲೀನಾ ಫೆಜೊ ಎಂಬ ಅಮೆರಿಕದ ತಳಿವಿಜ್ಞಾನಿಗೆ 1999ರಲ್ಲಿ ಇದೇ ಆಯಿತು. ನೀವು ಜಾಸ್ತಿ ಮಾಡಿ ತೋರಿಸ್ತಿದ್ದೀರಿ ಅನ್ನೋ ಧಾಟಿಯಲ್ಲಿ ಮಾತಾಡಿದರು ಅವರ ಡಾಕ್ಟರು. ಮಗು ಉಳಿಯಲಿಲ್ಲ. ಆಕೆ ಅಳುತ್ತಾ ಕೂರಲಿಲ್ಲ, ಇಂಥ ಹೆಂಗಸರನ್ನು ಒಬ್ಬೊಬ್ಬರಾಗಿ ಹುಡುಕಿ ವರ್ಷಗಟ್ಟಲೆ ಮಾಹಿತಿ ಕೂಡಿಸಿದರು. ಕಡೆಗೆ ಸಿಕ್ಕಿದ್ದು ಜಿಡಿಎಫ್15 ಎಂಬ ಹಾರ್ಮೋನು. ಬಸಿರಿನಲ್ಲಿ ಇದು ಮುಖ್ಯವಾಗಿ ಮಗುವಿನ ಕಡೆಯಿಂದ ಬರುತ್ತೆ. ಬಸಿರಿಗೆ ಮುಂಚೆ ಯಾರ ರಕ್ತದಲ್ಲಿ ಇದು ಕಡಿಮೆ ಇರುತ್ತೋ ಅವರ ಮೈಗೆ ರೂಢಿ ಇರಲ್ಲ, ಒಮ್ಮೆಲೇ ಏರಿದಾಗ ತಾಳಲ್ಲ. ಥಲಸೇಮಿಯಾದಂಥ ರಕ್ತದ ತೊಂದರೆಯಿಂದ ಮೊದಲೇ ಜಾಸ್ತಿ ಇದ್ದವರಿಗೆ ವಾಂತಿ ಅಷ್ಟಾಗಿ ಕಾಡಲ್ಲ. 2023ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಬಂತು, ಕೇಂಬ್ರಿಡ್ಜಿನ ತಂಡದ ಜೊತೆ. ಮಗು ಬೇಡ ಅನ್ನುವ ಮನಸ್ಸು ಎಲ್ಲಿ ಹೋಯ್ತು ಈಗ?

ನನ್ನ ಕಚೇರಿಯಲ್ಲೇ ಒಬ್ಬ ಹುಡುಗಿ ಇದ್ದಳು, ಪುಟವಿನ್ಯಾಸ ಮಾಡುತ್ತಿದ್ದವಳು. ತಿಂಗಳಿಗೆ ಮೂರು ದಿನ ಬಿಸಿನೀರಿನ ಚೀಲವನ್ನು ಹೊಟ್ಟೆಗೆ ದುಪಟ್ಟಾದಲ್ಲಿ ಕಟ್ಟಿಕೊಂಡೇ ಪುಟ ಕಟ್ಟುತ್ತಿದ್ದಳು. ಚರ್ಮದ ಮೇಲೆ ಕಂದು ಬಲೆ ಹೆಣೆದಂತೆ ಸುಟ್ಟ ಗುರುತಾಗಿದೆ ಅಂತ ಆಮೇಲೆ ನನ್ನ ಹೆಂಡತಿಗೆ ತೋರಿಸಿದಳಂತೆ. ‘ಒಂದು ಮಗು ಆದರೆ ಸರಿಹೋಗುತ್ತೆ’ ಅಂತ ಒಂಬತ್ತು ವರ್ಷ ಕೇಳಿದ್ದಾಳೆ. ಕಡೆಗೆ ಗೊತ್ತಾದದ್ದು ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ ಬೆಳೆದು ಅಂಟಿಕೊಳ್ಳುವ ಕಾಯಿಲೆ. ಇವಳೊಬ್ಬಳೇ ಅಲ್ಲ, ಜಗತ್ತಿನಲ್ಲಿ ಸುಮಾರು 19 ಕೋಟಿ ಜನಕ್ಕೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮೊದಲೆಲ್ಲ ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ ಹಾಕಿ ನೋಡದ ಹೊರತು ಇದನ್ನು ಖಚಿತ ಮಾಡುವಂತಿಲ್ಲ ಅನ್ನುತ್ತಿದ್ದರು. 2022ರಲ್ಲಿ ಯುರೋಪಿನ ತಜ್ಞರ ಸಂಘ ಅದನ್ನು ಸಡಿಲಿಸಿತು. ಲಕ್ಷಣ ಕೇಳಿ, ಸ್ಕ್ಯಾನ್ ನೋಡಿ, ಚಿಕಿತ್ಸೆ ಶುರುಮಾಡಬಹುದು. ಅಂದರೆ ಮೊದಲ ಸಾಕ್ಷಿ ಅವಳು ಹೇಳುವ ಮಾತು. ಅಷ್ಟು ಹೇಳೋಕೆ 2022 ಆಗಬೇಕಾಯಿತು!

ಯಾಕೆ ಇಷ್ಟು ತಡ ಅಂತೀರಾ? 1977ರಲ್ಲಿ ಅಮೆರಿಕದ ಎಫ್‌ಡಿಎ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಔಷಧ ಪರೀಕ್ಷೆಯ ಆರಂಭದ ಹಂತಗಳಲ್ಲಿ ಸೇರಿಸಬೇಡಿ ಅಂತ ಸೂಚನೆ ಕೊಟ್ಟಿತ್ತು. ಬಸುರಿಯರು ಥಾಲಿಡೊಮೈಡ್ ಎಂಬ ಮಾತ್ರೆ ತಗೊಂಡು ಮಕ್ಕಳು ಅಂಗ ಊನವಾಗಿ ಹುಟ್ಟಿದ ದುರಂತ ಆದಮೇಲೆ ಹುಟ್ಟಿದ ಭಯ, ಉದ್ದೇಶ ಒಳ್ಳೆಯದೇ. ತೆಗೆದದ್ದು 1993ರಲ್ಲಿ. ಆ ಹದಿನಾರು ವರ್ಷದ ಮಾತ್ರೆಗಳ ಪ್ರಮಾಣ ಯಾರ ಮೈ ನೋಡಿ ನಿಗದಿಯಾಯಿತು ಅಂತ ನೀವೇ ಯೋಚನೆ ಮಾಡಿ. ಝೋಲ್ಪಿಡೆಮ್ ಅನ್ನೋ ನಿದ್ದೆ ಮಾತ್ರೆ ಹೆಂಗಸರ ರಕ್ತದಲ್ಲಿ ಬೆಳಿಗ್ಗೆಯವರೆಗೂ ಜಾಸ್ತಿ ಉಳಿಯುತ್ತೆ ಅಂತ ಅವರ ಪ್ರಮಾಣವನ್ನು 10 ಮಿಲಿಗ್ರಾಮಿನಿಂದ 5ಕ್ಕೆ ಇಳಿಸಿದ್ದು 2013ರಲ್ಲಿ.

ಬೇರೆಯವರನ್ನೇ ಬೈದು ತಪ್ಪಿಸಿಕೊಳ್ಳೋದು ಬೇಡ. ಕೋವಿಡ್ ಲಸಿಕೆ ಬಂದ 2021ರಲ್ಲಿ ನಮ್ಮ ಪತ್ರಿಕೆಗೂ ಪತ್ರ ಬಂದವು. ಲಸಿಕೆ ಹಾಕಿಸಿಕೊಂಡ ಮೇಲೆ ಮುಟ್ಟು ಹಿಂದೆಮುಂದೆ ಆಯ್ತು ಅಂತ. ಸುಮ್ನೆ ಗಾಬರಿ, ಹಾಕಿದರೆ ಜನ ಲಸಿಕೆಯನ್ನೇ ಬಿಡ್ತಾರೆ ಅಂತ ಪಕ್ಕಕ್ಕಿಟ್ಟೆ. ಲಸಿಕೆಯ ಪ್ರಯೋಗಗಳಲ್ಲಿ ಮುಟ್ಟಿನ ಬಗ್ಗೆ ಪ್ರಶ್ನೆಯನ್ನೇ ಕೇಳಿರಲಿಲ್ಲ. 2022ರಲ್ಲಿ ಅಲಿಸನ್ ಎಡೆಲ್ಮನ್ ಎಂಬ ವೈದ್ಯೆಯ ತಂಡ ಸುಮಾರು 4,000 ಜನರ ಮುಟ್ಟಿನ ದಾಖಲೆ ನೋಡಿ ಹೇಳಿತು: ಹೌದು, ಒಂದು ಡೋಸಿಗೆ ಒಂದು ದಿನಕ್ಕಿಂತ ಕಡಿಮೆ ತಡವಾಗುತ್ತೆ, ಆಮೇಲೆ ಸರಿಹೋಗುತ್ತೆ. ಎಷ್ಟು ಸಣ್ಣ, ಎಷ್ಟು ಸಮಾಧಾನದ ಉತ್ತರ! ಅವತ್ತೇ ಕೇಳಿ ಅವತ್ತೇ ಹೇಳಿದ್ದರೆ ಗಾಳಿಸುದ್ದಿಗೆ ಜಾಗವೇ ಇರುತ್ತಿರಲಿಲ್ಲ. ನಾನು ಪಕ್ಕಕ್ಕಿಟ್ಟ ಪತ್ರಗಳಲ್ಲಿ ಬರೆದಿದ್ದವರು ಕಂಡದ್ದು ಹೇಳಿದ್ದರು ಅಷ್ಟೆ.

ಇನ್ನು ಭಾಷೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ಮುಟ್ಟು’ ಅಂತ ಬರೆದರೆ ಹಿರಿಯ ಉಪಸಂಪಾದಕರು ಕೆಂಪು ಪೆನ್ನಿನಲ್ಲಿ ಹೊಡೆದು ‘ಆ ದಿನಗಳು’ ಅಂತ ತಿದ್ದುತ್ತಿದ್ದರು. ಯೋನಿ ಅಂದರೆ ಮುಗಿದೇಹೋಯಿತು, ‘ಜನನಾಂಗ’ ಅಂತಾದರೂ ಹಾಕಯ್ಯ ಅನ್ನೋರು. ಆಮೇಲೆ ನಾನೂ ಅದೇ ಪೆನ್ನು ಹಿಡಿದೆ. ಹೆಂಗಸರ ಆರೋಗ್ಯ ಅಂದರೆ ಸೌಂದರ್ಯ ಸಲಹೆಯ ಪಕ್ಕದಲ್ಲಿ ಅರ್ಧ ಕಾಲಂ, ಪುಟ ತುಂಬಿಸೋಕೆ. ಎಲ್ಲಿ ನೋಯುತ್ತೆ ಅಂತ ಹೇಳೋಕೆ ಪದವೇ ಕೊಡದೆ, ಯಾಕಮ್ಮ ಮೊದಲೇ ಹೇಳಲಿಲ್ಲ ಅಂತ ಕೇಳಿದ್ದೇವೆ. ಆರು ತಿಂಗಳಿಂದ ಬರೀ ಮುಟ್ಟು, ಗರ್ಭಕೋಶ ಅಂದ್ರಲ್ಲ, ಅದಕ್ಕೆ ಮುಂಚೆ ನಲವತ್ತು ವರ್ಷ ಏನೂ ಇರಲಿಲ್ಲ. ಲೆಕ್ಕ ಇನ್ನೂ ಸರಿಯಾಗಿಲ್ಲ.

ಧೈರ್ಯ ಬರುವಂಥದ್ದು ಹಾಕಿ ಅಂದಿರಿ. ಸ್ಕಾಟ್ಲೆಂಡಿನಲ್ಲಿ 12–13ನೇ ವಯಸ್ಸಿಗೆ ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ಎಂಬ ವೈರಸ್ಸಿನ ವಿರುದ್ಧ ಲಸಿಕೆಯ ಎಲ್ಲ ಡೋಸು ಪಡೆದ ಹುಡುಗಿಯರಲ್ಲಿ ಆ ಕ್ಯಾನ್ಸರ್ ಒಂದೂ ಕಂಡಿಲ್ಲ ಅಂತ 2024ರಲ್ಲಿ ವರದಿಯಾಯಿತು. ಒಂದೂ ಇಲ್ಲ. ಇದಕ್ಕಿಂತ ಧೈರ್ಯದ ಸುದ್ದಿ ನಾನು ಎಲ್ಲಿಂದ ತರಲಿ?

ಈಗ ನಿಮ್ಮ ಪತ್ರದ ಆ ಒಂದು ಸಾಲು. ಮುಟ್ಟು ನಿಂತು ನಾಲ್ಕು ವರ್ಷ, ಅಪರೂಪಕ್ಕೊಮ್ಮೆ ಕಲೆ. ಇದನ್ನು ನೀವು ನಿಮ್ಮ ವಾದಕ್ಕೆ ಸಾಕ್ಷಿಯಾಗಿ ಬರೆದಿದ್ದೀರಿ, ನಾನು ಓದಿ ಕುರ್ಚಿಯಿಂದ ಎದ್ದೆ. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಕಾಣುವ ರಕ್ತವನ್ನು, ಒಂದು ಹನಿಯಾದರೂ, ತೋರಿಸಲೇಬೇಕು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2018ರಲ್ಲಿ ನೋಡಿದಾಗ, ಹೀಗೆ ರಕ್ತ ಕಂಡವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಜನಕ್ಕೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇತ್ತು. ಉಳಿದ 91 ಜನಕ್ಕೆ ಇರಲಿಲ್ಲ, ಯೋನಿಯ ಒಳಪದರ ತೆಳುವಾಗಿ ಒಣಗಿಯೋ, ಸಣ್ಣ ಗಂಟಿನಿಂದಲೋ ಬಂದದ್ದು. ನೀವು ಆ 91ರಲ್ಲೇ ಇರುವ ಸಾಧ್ಯತೆ ಜಾಸ್ತಿ. ಆದರೆ ಆ ಕ್ಯಾನ್ಸರ್ ಇದ್ದವರಲ್ಲಿ ಹತ್ತಕ್ಕೆ ಒಂಬತ್ತು ಜನ ಮೊದಲು ನೋಡಿದ್ದು ಇಂಥದ್ದೇ ಕಲೆ, ಬೇಗ ತೋರಿಸಿಕೊಂಡವರಲ್ಲಿ ಹೆಚ್ಚಿನವರು ಗುಣವಾಗಿದ್ದಾರೆ. ಒಂದು ಸ್ಕ್ಯಾನ್, ಬೇಕಾದರೆ ಒಳಪದರದ ಒಂದು ಚೂರು ತೆಗೆದು ಪರೀಕ್ಷೆ. ಡಾಕ್ಟರ ಮುಂದೆ ‘ಅಪರೂಪಕ್ಕೊಮ್ಮೆ’ ಅನ್ನಬೇಡಿ, ಎಷ್ಟು ಸಲ, ಯಾವಾಗ, ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರೇ ‘ಮಾಮೂಲಿ’ ಅಂದರೆ ಇನ್ನೊಬ್ಬರ ಹತ್ತಿರ ಹೋಗಿ.

ಪತ್ರ ಬಂದ ದಿನವೇ ಇದಿಷ್ಟನ್ನು ನಿಮ್ಮ ವಿಳಾಸಕ್ಕೆ ಬೇರೆಯಾಗಿ ಬರೆದು ಹಾಕಿದ್ದೇನೆ, ಅಚ್ಚಾಗುವವರೆಗೆ ಕಾಯೋದು ಬೇಡ ಅಂತ. ಇನ್ನೂ ಉತ್ತರ ಬಂದಿಲ್ಲ. ಬೈಗುಳ ಇದ್ದರೂ ಪರವಾಗಿಲ್ಲ, ಹೋಗಿ ಬಂದೆ ಅಂತ ಒಂದು ಸಾಲು ಬರೆಯಿರಿ.

— ಸಂಪಾದಕ